ಮಾಯದ ಗಾಯಕ್ಕೆ ಲೇಸರ್ ಹಿಡಿಸಬೇಕೆ, ಬೇರೆ ದಾರಿ ನೋಡಬೇಕೆ?

ನಮ್ಮ ಫಿಸಿಯೋಥೆರಪಿ ವಿಭಾಗದ ಯಂತ್ರಗಳಿಗೆಲ್ಲ ಬರುವ ಜನ ತಮ್ಮದೇ ಹೆಸರಿಟ್ಟಿದ್ದಾರೆ. ಸೊಂಟನೋವಿಗೆ ಹಚ್ಚುವ ಯಂತ್ರ ಯಾವುದೇ ಇರಲಿ, ಅದು ‘ಕರೆಂಟ್ ಕೊಡೋದು’. ಬಿಸಿ ಮೇಣವಾಗಲಿ ಬಿಸಿನೀರಿನ ಚೀಲವಾಗಲಿ, ‘ಶಾಖ’. ಲೇಸರ್ ಬಂದ ಮೇಲೆ ಅದು ‘ಲೈಟ್ ಹಿಡಿಯೋದು’ ಆಯಿತು. ಕಳೆದ ಮಳೆಗಾಲದಲ್ಲಿ ಒಬ್ಬ ಯಜಮಾನರು, ನಿವೃತ್ತ ಬಸ್ ಚಾಲಕರು, ಶುಗರ್ ಕಾಲಿನ ಅಂಗಾಲ ಹುಣ್ಣು ಹೊತ್ತು ಬಂದರು. ಕೂತವರೇ ಕೇಳಿದ್ದು ಇದು: “ಮೇಡಂ, ಲೈಟ್ ಹಿಡಿಸ್ಲಾ, ಇಲ್ಲಾ ಆ ಪಂಪ್ ಹಾಕಿಸ್ಲಾ? ಮಗ ಎರಡಕ್ಕೂ ದುಡ್ಡು ಹೊಂದಿಸ್ತೀನಿ ಅಂತಾನೆ. ಯಾವುದು ಒಳ್ಳೇದು ಅಷ್ಟು ಹೇಳಿಬಿಡಿ.”

ಹುಣ್ಣು ಬಲಗಾಲ ಹೆಬ್ಬೆರಳ ಬುಡದ ಉಬ್ಬಿನ ಮೇಲಿತ್ತು. ಎಂಟಾಣೆ ಬಿಲ್ಲೆಯಷ್ಟಗಲ. ಸುತ್ತ ಬಿಳಿಚಿದ ದಪ್ಪ ಚರ್ಮದ ಕಟ್ಟೆ, ನಡುವೆ ಕೆಂಪು ತಳ, ಕೀವಿಲ್ಲ, ವಾಸನೆಯಿಲ್ಲ. ನಾಲ್ಕು ತಿಂಗಳಿಂದ ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿಸುತ್ತಿದ್ದರು. ನೋವಿದೆಯೇ ಎಂದರೆ, “ಎಂಥದೂ ಇಲ್ಲ, ಜೋಮು ಹಿಡಿದಂಗಿರ್ತದೆ ಅಷ್ಟೆ” ಎಂದರು. ಅವರ ಚಪ್ಪಲಿ ತೆಗೆದುಕೊಡಲು ಹೇಳಿದೆ. ಅಲ್ಲೇ ಮಗನಿಗೆ ಸ್ವಲ್ಪ ಕಸಿವಿಸಿ: ಕಾಲು ತೋರಿಸಲು ಬಂದರೆ ಇವರು ಚಪ್ಪಲಿ ನೋಡುತ್ತಾರಲ್ಲ ಎಂದು. ಸವೆದ ಹವಾಯಿ ಚಪ್ಪಲಿ. ಹೆಬ್ಬೆರಳ ಬುಡ ಊರುವಲ್ಲಿ ಗುಳಿ ಬಿದ್ದಿತ್ತು, ಕಿಟಕಿಗೆ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಹುಣ್ಣಿಗೂ ಆ ಗುಳಿಗೂ ಅಚ್ಚು ಹಾಕಿದಂಥ ಹೊಂದಾಣಿಕೆ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನಾನು ಲೇಸರ್ ಯಂತ್ರವನ್ನು ದಿನವೂ ಕೈಯಲ್ಲಿ ಹಿಡಿಯುವವಳು, ಅದರ ಮೇಲೆ ನನಗೆ ಹಗೆಯಿಲ್ಲ. ಆದರೆ ಅದನ್ನು ಯಾವುದರ ಪಕ್ಕ ಇಟ್ಟು ಹೋಲಿಸಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಯಾವ ಲೇಸರ್ ಎಂದು ಕೇಳಿ

ಪೇಟೆಯಲ್ಲಿ ಲೇಸರ್ ಎಂಬ ಬೋರ್ಡು ಹತ್ತು ಕಡೆ ನೇತಾಡುತ್ತದೆ. ಪೈಲ್ಸ್‌ಗೆ ಲೇಸರ್, ಕೂದಲು ತೆಗೆಯಲು ಲೇಸರ್, ಮೊಡವೆ ಕಲೆಗೆ ಲೇಸರ್. ಇವೆಲ್ಲ ಚರ್ಮವನ್ನೋ ರಕ್ತನಾಳವನ್ನೋ ಬಿಸಿಮಾಡಿ ಸುಡುವ, ಕತ್ತರಿಸುವ, ಮುಚ್ಚುವ ಯಂತ್ರಗಳು. ಮೀನಖಂಡದಲ್ಲಿ ರಕ್ತನಾಳ ಗಂಟುಗಟ್ಟಿದಾಗ, ಅಂದರೆ ವೆರಿಕೋಸ್ ವೇನ್ಸ್‌ಗೆ, ಮಾಡುವ ಲೇಸರ್ ಕೂಡ ರಕ್ತನಾಳದೊಳಗೆ ತಂತಿ ತೂರಿಸಿ ಅದನ್ನು ಸುಟ್ಟು ಮುಚ್ಚುವ ಕೆಲಸವೇ. ಗಾಯ ಮಾಯಲು ಹಿಡಿಯುವ ಲೇಸರ್ ಇವಕ್ಕೆ ತಿರುಗುಮುರುಗು. ಅದರ ಶಕ್ತಿ ಸಾಮಾನ್ಯವಾಗಿ 500 ಮಿಲಿವ್ಯಾಟ್ ದಾಟುವುದಿಲ್ಲ. ಬೆಚ್ಚಗೆ ಕೂಡ ಅನ್ನಿಸುವುದಿಲ್ಲ. ಅದಕ್ಕೇ ‘ತಣ್ಣನೆ ಲೇಸರ್’ ಎಂಬ ಅಡ್ಡಹೆಸರು. ಸಂಶೋಧಕರು ಈಗೀಗ ಫೋಟೋಬಯೋಮಾಡ್ಯುಲೇಶನ್ ಎಂದು ಬರೆಯುತ್ತಾರೆ. ಹಳೆಯ ಹೆಸರು ಲೋ ಲೆವೆಲ್ ಲೇಸರ್ ಥೆರಪಿ.

ಇನ್ನೊಂದಿದೆ, ಅದು ಲೇಸರೇ ಅಲ್ಲ. ಸ್ಟ್ಯಾಂಡಿನ ಮೇಲೆ ಕೆಂಪು ಬಲ್ಬು ಉರಿಯುವ ಇನ್‌ಫ್ರಾರೆಡ್ ದೀಪ. ಕುತ್ತಿಗೆ ಹಿಡಿದವರಿಗೆ ಸರಿ. ಜೋಮು ಹಿಡಿದ ಶುಗರ್ ಕಾಲಿಗೆ ಅದು ಸುಡುವ ಕೆಂಡ. ಒಂದು ಕ್ಲಿನಿಕ್ಕಿನಲ್ಲಿ ‘ಲೇಸರ್ ಲೈಟ್’ ಎಂದು ಹೇಳಿ ಇದನ್ನು ಇಪ್ಪತ್ತು ನಿಮಿಷ ಕಾಲ ಮುಂದಿಟ್ಟಿದ್ದರಂತೆ. ಆ ಹೆಂಗಸು ನನ್ನಲ್ಲಿಗೆ ಬಂದಾಗ ಹುಣ್ಣಿನ ಜೊತೆಗೆ ಮೇಲ್ಪಾದದಲ್ಲಿ ಬೋಂಡದ ಗಾತ್ರದ ಎರಡು ಬೊಬ್ಬೆ. ಬಿಸಿಯಾಗುತ್ತಿದೆ ಎಂದು ಹೇಳಲು ಆಕೆಗೆ ಗೊತ್ತಾಗಬೇಕಲ್ಲ. ನಿಮ್ಮ ಕಾಲಿಗೆ ಹಿಡಿಯುವ ಮುಂಚೆ ಆ ಬೆಳಕನ್ನು ನಿಮ್ಮ ಜೊತೆಗೆ ಬಂದವರ ಮುಂಗೈ ಮೇಲೆ ಹಿಡಿಯಲು ಹೇಳಿ. ಬಿಸಿ ಎಂದರೆ ಎದ್ದು ಬನ್ನಿ.

ಈ ಬೆಳಕು ಮಾಡುವುದೇನು

ಇದು ಹುಟ್ಟಿದ್ದೇ ಸೋತ ಪ್ರಯೋಗದಿಂದ. 1960ರಲ್ಲಿ ಥಿಯೊಡೋರ್ ಮೈಮನ್ ಅಮೆರಿಕದಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ. ಅದರಿಂದ ಗಡ್ಡೆ ಕರಗಿಸಬಹುದೇ ಎಂದು ಬಾಸ್ಟನ್ನಿನಲ್ಲಿ ಪಾಲ್ ಮೆಕ್‌ಗಫ್ ಪ್ರಾಣಿಗಳ ಮೇಲೆ ನೋಡುತ್ತಿದ್ದ. ಹಂಗೇರಿಯ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯ ಅದನ್ನೇ ಮಾಡಲು ಹೊರಟ. ಅವನ ಯಂತ್ರಕ್ಕೆ ಅಷ್ಟು ಕಸುವಿರಲಿಲ್ಲ, ಗಡ್ಡೆ ಕರಗಲಿಲ್ಲ. ಆದರೆ ಬೆಳಕು ಬಿದ್ದ ಇಲಿಗಳ ಬೋಳಿಸಿದ ಬೆನ್ನಿನಲ್ಲಿ ಕೂದಲು ಬೇಗ ಬಂತು. 1967ರ ಸುಮಾರಿಗೆ ಅವನು ಇದನ್ನು ಪ್ರಕಟಿಸಿದ, ಆಮೇಲೆ ಮನುಷ್ಯರ ಮಾಯದ ಹುಣ್ಣುಗಳತ್ತ ತಿರುಗಿದ.

ಒಳಗೆ ನಡೆಯುವುದರ ಬಗ್ಗೆ ಈಗ ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಕೆಂಪು ಮತ್ತು ಅವಕೆಂಪಿನ (ಇನ್‌ಫ್ರಾರೆಡ್) ಕೆಲವು ಬಣ್ಣಗಳನ್ನು ಅದು ಹೀರುತ್ತದೆ. ಹೀರಿದಾಗ ಕೋಶದ ಶಕ್ತಿ ತಯಾರಿಕೆ ಚುರುಕಾಗುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಹೊಸ ಮಾಂಸ ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ. 600ರಿಂದ 700 ನ್ಯಾನೋಮೀಟರಿನ ಕೆಂಪು ಬೆಳಕು ಮೇಲುಮೇಲಿನ ಗಾಯಕ್ಕೆ ತಕ್ಕದ್ದು. 780ರ ಆಚೆಯದು ಇನ್ನೂ ಆಳಕ್ಕಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದಲೇ ಅಪಾಯ ಹೆಚ್ಚು, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಆಪರೇಟರ್‌ಗೆ ಮಾತ್ರ ಕನ್ನಡಕ ಇದ್ದು ನಿಮಗಿಲ್ಲದ ಕಡೆ ಮಲಗಬೇಡಿ.

ಅಳತೆ ಮುಖ್ಯ. ಅಡುಗೆಗೆ ಉಪ್ಪಿದ್ದಂತೆ: ಕಡಿಮೆಯಾದರೆ ಏನೂ ಆಗುವುದಿಲ್ಲ, ಮಿತಿಮೀರಿದರೆ ಕೆಡುತ್ತದೆ. ಹೆಚ್ಚು ಬೆಳಕು ಸುರಿದರೆ ಕೋಶಗಳ ಕೆಲಸ ನಿಧಾನವಾಗುವುದನ್ನು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ತೆರೆದ ಗಾಯಕ್ಕೆ ಬಹುತೇಕ ಅಧ್ಯಯನಗಳು ಚದರ ಸೆಂಟಿಮೀಟರಿಗೆ 1ರಿಂದ 10 ಜೂಲ್‌ಗಳ ನಡುವೆ ಆಡುತ್ತವೆ. 2ರಿಂದ 4 ಸಾಮಾನ್ಯ.

ನಮ್ಮಲ್ಲೇ ನಡೆದ ಕೆಲಸವಿದೆ. ಮಣಿಪಾಲದವರು ಹೀಲಿಯಂ-ನಿಯಾನ್ ಲೇಸರನ್ನು ಮಧುಮೇಹವಿರುವ ಇಲಿಗಳ ಗಾಯದ ಮೇಲೆ ಹಿಡಿದು 2005ರಲ್ಲಿ ವರದಿ ಮಾಡಿದರು, ಗಾಯ ಬೇಗ ಮುಚ್ಚಿತು. ಬೆಳಗಾವಿಯ ಕೆಎಲ್ಇಯವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಮನುಷ್ಯರ ಮೇಲೆ. ಕನಿಷ್ಠ 4 ವಾರದಿಂದ ಮಾಯದ ಪಾದದ ಹುಣ್ಣಿದ್ದ 68 ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಮಾಮೂಲಿ ಆರೈಕೆ, ಒಂದು ಗುಂಪಿಗೆ ಜೊತೆಗೆ 15 ದಿನ ಲೇಸರ್. ಲೇಸರ್ ಗುಂಪಿನ ಹುಣ್ಣು ಸರಾಸರಿ ಶೇ. 40ರಷ್ಟು ಕುಗ್ಗಿತು, ಇನ್ನೊಂದರದು ಶೇ. 12ರಷ್ಟು. ಕಣ್ಣರಳಿಸುವಂಥ ಅಂತರ. ಆದರೂ ನಿಧಾನ ಓದಿ. ಅವರು ತೆಗೆದುಕೊಂಡದ್ದು ಸೋಂಕಿಲ್ಲದ, ಮೇಲ್ಪದರದ, 6 ಸೆಂಟಿಮೀಟರಿಗಿಂತ ಚಿಕ್ಕ ಹುಣ್ಣುಗಳನ್ನು ಮಾತ್ರ. ಅಳೆದದ್ದು ಎಷ್ಟು ಕುಗ್ಗಿತು ಎಂದು, ಎಷ್ಟು ಮುಚ್ಚಿದವು ಎಂದಲ್ಲ. 15ನೇ ದಿನಕ್ಕೆ ಲೆಕ್ಕ ಮುಗಿಯಿತು. ಇಂಥ ಚಿಕ್ಕ ಚಿಕ್ಕ ಅಧ್ಯಯನಗಳು ಬ್ರೆಜಿಲ್‌ನಿಂದಲೂ ಬಂದಿವೆ, ಹೆಚ್ಚಿನವು ಲೇಸರ್ ಪರವೇ. ಒಂದೊಂದರಲ್ಲಿ ಒಂದೊಂದು ಬಣ್ಣ, ಒಂದೊಂದು ಅಳತೆ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ 2023ರ ಮಾರ್ಗಸೂಚಿ ಇನ್ನೂ ಲೇಸರನ್ನು ಶಿಫಾರಸು ಮಾಡಿಲ್ಲ. ಅದು ಗಟ್ಟಿ ದನಿಯಲ್ಲಿ ಹೇಳುವುದು ಬೇರೆಯದನ್ನೇ.

ಸಿಮೆಂಟ್ ಪಟ್ಟಿ: ಹೋಲಿಸಬೇಕಾದ್ದು ಇದರ ಜೊತೆ

ಅಂಗಾಲಿನ ಹುಣ್ಣು ಮಾಯದಿರಲು ಬೆಳಕಿನ ಕೊರತೆ ಕಾರಣವಲ್ಲ, ಹೆಜ್ಜೆ ಕಾರಣ. ನರ ಮರಗಟ್ಟಿದ ಪಾದಕ್ಕೆ ನೋವು ಗೊತ್ತಾಗುವುದಿಲ್ಲ, ಅದೇ ಜಾಗದ ಮೇಲೆ ದಿನಕ್ಕೆ ಸಾವಿರ ಸಲ ಮೈಭಾರ ಬೀಳುತ್ತದೆ. ಬೆಳಿಗ್ಗೆ ಕಟ್ಟಿದ ಹೊಸ ಮಾಂಸ ಸಂಜೆಯೊಳಗೆ ಜಜ್ಜಿಹೋಗುತ್ತದೆ. ಪಾದದಿಂದ ಮೊಣಕಾಲ ಕೆಳಗಿನವರೆಗೆ ಮೈಗಂಟಿದಂತೆ ಹಾಕುವ, ರೋಗಿಯೇ ಬಿಚ್ಚಲಾಗದ ಪಟ್ಟಿಗೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎನ್ನುತ್ತಾರೆ. ಭಾರ ಇಡೀ ಅಂಗಾಲಿಗೆ, ಕಣಕಾಲಿಗೆ ಹಂಚಿಹೋಗುತ್ತದೆ, ಹುಣ್ಣಿನ ಜಾಗಕ್ಕೆ ಬಿಡುವು ಸಿಗುತ್ತದೆ. ಹಾಕಿಕೊಂಡು ನಡೆಯಬಹುದು. ವಾರಕ್ಕೊಮ್ಮೆ ಬದಲಾಯಿಸಬೇಕು, ಮೊದಲನೆಯದನ್ನು ಇನ್ನೂ ಬೇಗ, ಊತ ಇಳಿದು ಸಡಿಲವಾಗುವುದರಿಂದ.

ಈ ಪಟ್ಟಿಯ ಬೇರು ನಮ್ಮ ಪಕ್ಕದ ಮನೆಯಲ್ಲೇ ಇದೆ. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ಹುಣ್ಣಿಗೆ ಮದ್ರಾಸಿನಲ್ಲಿ 1930ರ ದಶಕದಲ್ಲೇ ಪ್ಲಾಸ್ಟರ್ ಹಾಕಿ ನಡೆಸುತ್ತಿದ್ದರು. ವೆಲ್ಲೂರಿನಲ್ಲಿ ಕೆಲಸ ಮಾಡಿದ ಪಾಲ್ ಬ್ರ್ಯಾಂಡ್ ಅದನ್ನು ಬೆಳೆಸಿ, 1960ರ ದಶಕದಲ್ಲಿ ಅಮೆರಿಕದ ಲೂಸಿಯಾನಕ್ಕೆ ಒಯ್ದರು. ಅಲ್ಲಿಂದ ಮಧುಮೇಹಿಗಳ ಕಾಲಿಗೆ ಬಂತು. ನಾವು ಈಗ ಅದನ್ನು ಹೊರದೇಶದ ಚಿಕಿತ್ಸೆ ಎಂದುಕೊಂಡು ಹಿಂಜರಿಯುತ್ತೇವೆ.

ಲೆಕ್ಕ ನೋಡಿ. 2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮೂರು ಬಗೆ ಹೋಲಿಸಿದರು. 12 ವಾರದಲ್ಲಿ ಬಿಚ್ಚಲಾಗದ ಪಟ್ಟಿಯವರಲ್ಲಿ ಶೇ. 89.5 ಹುಣ್ಣು ಮುಚ್ಚಿತು, ಬಿಚ್ಚಬಹುದಾದ ಬೂಟಿನವರಲ್ಲಿ ಶೇ. 65, ಮುಂಪಾದಕ್ಕೆ ಭಾರ ಬೀಳದ ಅರ್ಧ ಚಪ್ಪಲಿಯವರಲ್ಲಿ ಶೇ. 58.3. ಕುಗ್ಗಿದ ಲೆಕ್ಕವಲ್ಲ ಇದು, ಮುಚ್ಚಿದ ಲೆಕ್ಕ. ಎರಡು ವರ್ಷದ ಮೇಲೆ ಅವರೇ ಬಿಚ್ಚಬಹುದಾದ ಬೂಟಿಗೆ ಗುಟ್ಟಾಗಿ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದರು. ದಿನದ ನಡಿಗೆಯಲ್ಲಿ ಶೇ. 28ರಷ್ಟನ್ನು ಮಾತ್ರ ಜನ ಬೂಟು ಹಾಕಿ ನಡೆದಿದ್ದರು. ಬಚ್ಚಲಿಗೆ ಹೋಗಲು, ರಾತ್ರಿ ನೀರು ಕುಡಿಯಲು ಏಳಲು, ‘ಇಲ್ಲೇ ಹತ್ತು ಹೆಜ್ಜೆ ತಾನೆ’ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಮನೆಗಳಲ್ಲಂತೂ ಹೊಸಿಲ ಒಳಗೆ ಪಾದರಕ್ಷೆಯೇ ಬರುವ ಹಾಗಿಲ್ಲ.

ಹಾಗಾಗಿ ಲೇಸರೋ ಪಟ್ಟಿಯೋ ಎಂದು ಕೇಳಿದರೆ ನನ್ನ ಉತ್ತರ ಪಟ್ಟಿ. ಎರಡೂ ಆಗುತ್ತದೆಯೇ? ಒಂದು ತೊಡಕಿದೆ. ಲೇಸರ್ ಹಿಡಿಯಲು ಗಾಯ ತೆರೆಯಬೇಕು, ದಿನವೂ ಅಥವಾ ವಾರಕ್ಕೆ ಮೂರು ಸಲ. ಪಟ್ಟಿ ವಾರಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಲೇಸರಿಗೋಸ್ಕರ ಪಟ್ಟಿ ಬಿಟ್ಟರೆ ನಷ್ಟ ನಿಮಗೇ. ಜೊತೆಗೆ ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ: ಲೇಸರಿಗೆಂದು ದಿನವೂ ಬಸ್ ಹತ್ತಿ, ಇಳಿದು, ಸ್ಟ್ಯಾಂಡಿನಿಂದ ಆಸ್ಪತ್ರೆಗೆ ನಡೆದು ಬಂದು ಹೋಗುವ ಹೆಜ್ಜೆಗಳು. ಆರು ನಿಮಿಷದ ಬೆಳಕಿಗೆ ಎರಡು ಸಾವಿರ ಹೆಜ್ಜೆಯ ಹೊಡೆತ.

ಪಟ್ಟಿ ಎಲ್ಲರಿಗೂ ಅಲ್ಲ. ರಕ್ತಸಂಚಾರ ತೀರಾ ಕುಂದಿದ್ದರೆ, ಒಳಗೆ ಕೀವು ತುಂಬಿದ್ದರೆ, ಇನ್ನೊಂದು ಕಾಲೂ ನೆಟ್ಟಗಿಲ್ಲದೆ ಬೀಳುವ ಭಯವಿದ್ದರೆ ಹಾಕುವುದಿಲ್ಲ. ಹಾಕಲು ಕೈ ಪಳಗಿರಬೇಕು, ಒಂದು ಮಡಿಕೆ ಒತ್ತಿದರೂ ಹೊಸ ಹುಣ್ಣು. ತಾಲ್ಲೂಕು ಕೇಂದ್ರಗಳಲ್ಲಿ ಹಾಕುವವರು ಸಿಗುವುದೇ ಕಷ್ಟ. ಆಗ ಬಿಚ್ಚಬಹುದಾದ ಬೂಟಿಗೇ ಮೇಲಿನಿಂದ ಪಟ್ಟಿ ಸುತ್ತಿ ಬಿಚ್ಚಲಾಗದಂತೆ ಮಾಡುವ ಉಪಾಯವಿದೆ. ಅದೂ ಇಲ್ಲವಾದರೆ ಹುಣ್ಣಿನ ಜಾಗ ಬಿಟ್ಟು ಸುತ್ತ ದಪ್ಪ ಫೆಲ್ಟ್ ಅಂಟಿಸುವುದು, ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆ ಚಪ್ಪಲಿಗೆ ಅಲ್ಲಿ ಗುಳಿ ತೆಗೆಸುವುದು.

ಪಂಪ್, ಅಂದರೆ ವ್ಯಾಕ್

ಯಜಮಾನರು ಹೇಳಿದ ‘ಪಂಪ್’ ಇದು. ಗಾಯದೊಳಗೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದ ಹಾಳೆ ಅಂಟಿಸಿ, ಕೊಳವೆಯಿಂದ ಸದಾ ಎಳೆಯುತ್ತಿರುತ್ತದೆ. ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು ಎಳೆತ. 1990ರ ದಶಕದಲ್ಲಿ ಅಮೆರಿಕದ ಆರ್ಜೆಂಟಾ ಮತ್ತು ಮೋರಿಕ್ವಾಸ್ ಇದನ್ನು ರೂಢಿಗೆ ತಂದರು. ಎರಡು-ಮೂರು ದಿನಕ್ಕೊಮ್ಮೆ ಸ್ಪಂಜು ಬದಲು.

ಲೇಸರಿಗೂ ಇದಕ್ಕೂ ಪೈಪೋಟಿಯೇ ಇಲ್ಲ, ಎರಡೂ ಬೇರೆ ಗಾಯಗಳಿಗೆ. ಕೊಳೆತ ಬೆರಳು ತೆಗೆದ ಮೇಲೆ ಉಳಿಯುವ ಆಳದ ಗುಂಡಿ, ಆಪರೇಷನ್ ಹೊಲಿಗೆ ಬಿಟ್ಟು ತೆರೆದುಕೊಂಡ ಗಾಯ, ನೀರು ಸೋರುತ್ತಲೇ ಇರುವ ದೊಡ್ಡ ಗಾಯ: ಇವಕ್ಕೆ ವ್ಯಾಕ್. ಅಲ್ಲಿ ಲೇಸರ್ ಹಿಡಿಯುವುದು ಕೆರೆಗೆ ಚಮಚದಲ್ಲಿ ನೀರು ಹಾಕಿದಂತೆ. ಯಜಮಾನರಂಥ ಮೇಲ್ಪದರದ ಎಂಟಾಣೆ ಹುಣ್ಣಿಗೆ ವ್ಯಾಕ್ ದಂಡ, ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಆಪರೇಷನ್ ಆಗದ ಪಾದದ ಹುಣ್ಣಿಗೆ ಬೇಡ ಎನ್ನುತ್ತದೆ. ಕಪ್ಪಗೆ ಸತ್ತ ಮಾಂಸ ತೆಗೆಯದೆ, ಮೂಳೆಯ ಸೋಂಕಿಗೆ ಚಿಕಿತ್ಸೆ ಮಾಡದೆ, ಕ್ಯಾನ್ಸರ್ ಇರುವ ಗಾಯಕ್ಕೆ, ದೊಡ್ಡ ರಕ್ತನಾಳ ತೆರೆದಿರುವಲ್ಲಿ ಹಾಕಲೇಬಾರದು.

ಆಮ್ಲಜನಕದ ಕೋಣೆ, ಜೆಲ್‌ಗಳು, ಪಟ್ಟಿಗಳು

ಹೈಪರ್‌ಬೇರಿಕ್ ಕೋಣೆಯಲ್ಲಿ ವಾತಾವರಣದ ಎರಡು-ಎರಡೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರೆ. ಒಂದೂವರೆ ಗಂಟೆ, 20ರಿಂದ 40 ಸಲ. ರಕ್ತದ ಹರಿವು ಸಾಲದ, ಬೇರೆಲ್ಲ ಮಾಡಿ ನೋಡಿದರೂ ಜಗ್ಗದ ಹುಣ್ಣಿಗೆ ಯೋಚಿಸಬಹುದು. ಬೆಂಗಳೂರು, ಮಂಗಳೂರಿನಂಥ ಕಡೆ ಮಾತ್ರ ಸಿಗುವುದರಿಂದ ಖರ್ಚಿಗಿಂತ ಓಡಾಟವೇ ಸುಸ್ತು ಮಾಡುತ್ತದೆ.

ಬೆಳವಣಿಗೆ ಅಂಶದ ಜೆಲ್, ಕೊಲಾಜೆನ್ ಪುಡಿ, ಬೆಳ್ಳಿಯ ಮುಲಾಮು, ಜೇನಿನ ಪಟ್ಟಿ: ಇವುಗಳ ನಡುವೆ ಆರಿಸುವುದು ನನ್ನ ಮಟ್ಟಿಗೆ ಅಷ್ಟು ದೊಡ್ಡ ವಿಷಯವಲ್ಲ. ಗಾಯ ಹದವಾಗಿ ಒದ್ದೆಯಿರಬೇಕು, ಸುತ್ತಲ ಚರ್ಮ ನೆನೆದು ಬೆಳ್ಳಗಾಗಬಾರದು, ಬಿಚ್ಚುವಾಗ ಹೊಸ ಮಾಂಸ ಕಿತ್ತುಬರಬಾರದು. ಅಷ್ಟು ನಡೆಸುವ ಅಗ್ಗದ ಪಟ್ಟಿ ಸಾಕು. ಒಂದು ಮಾತು ಮಾತ್ರ: ಲೇಸರಿಗೆ ಬರುವಾಗ ಬಿಳಿ ಮುಲಾಮು, ಕಂದು ಅಯೋಡಿನ್ ಹಚ್ಚಿಕೊಂಡು ಬಂದರೆ ಬೆಳಕು ಅಲ್ಲೇ ತಡೆದುಹೋಗುತ್ತದೆ. ಸಲೈನ್‌ನಲ್ಲಿ ತೊಳೆದು ಒರೆಸಿ ಹಿಡಿಯಬೇಕು. ಅರಿಶಿನ, ಕಾಫಿ ಪುಡಿ ತುಂಬಿಕೊಂಡು ಬಂದವರ ಗಾಯ ತೊಳೆಯುವುದರಲ್ಲೇ ನನ್ನ ಅರ್ಧ ಗಂಟೆ ಹೋಗುತ್ತದೆ. ತಳದ ಬಣ್ಣವೇ ಕಾಣದಿದ್ದರೆ ಯಾರು ಏನು ತೀರ್ಮಾನಿಸಲಿ?

ಆನ್‌ಲೈನಿನಲ್ಲಿ ಸಿಗುವ ಕೆಂಪು ಎಲ್ಇಡಿ ಬೆಲ್ಟು, ಟಾರ್ಚುಗಳ ಬಗ್ಗೆ ಮಕ್ಕಳು ಕೇಳುತ್ತಾರೆ, ಅದರಲ್ಲೂ ವಿದೇಶದಿಂದ ಫೋನ್ ಮಾಡುವವರು. ಎಲ್ಇಡಿ ಎಂದ ಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ. ಅದೇ ಬಣ್ಣ ಅದೇ ಅಳತೆ ತಲುಪಿದರೆ ಕೋಶಕ್ಕೆ ಲೇಸರೋ ಎಲ್ಇಡಿಯೋ ಎಂಬ ಭೇದ ಅಷ್ಟಾಗಿ ಇದ್ದಂತಿಲ್ಲ. ತೊಂದರೆ ಇರುವುದು ‘ಅಳತೆ ತಲುಪಿದರೆ’ ಎಂಬಲ್ಲಿ. ಪೆಟ್ಟಿಗೆಯ ಮೇಲೆ ಬಣ್ಣದ ಸಂಖ್ಯೆ ಬರೆದಿರುತ್ತಾರೆ, ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಎಂದು ಬರೆದಿರುವುದಿಲ್ಲ. ತೆರೆದ ಹುಣ್ಣಿಗೆ ಮನೆಯಲ್ಲಿ ಹಿಡಿಯಲು ಅದು ಬೇಡ.

ಹುಣ್ಣು ಬೇರೆಯಾದರೆ ತೂಕವೂ ಬೇರೆ

ಕಣಕಾಲಿನ ಒಳಬದಿಯಲ್ಲಿ, ಸುತ್ತ ಚರ್ಮ ಕಪ್ಪಾಗಿ, ಸಂಜೆಗೆ ಊದುವ ಹುಣ್ಣಾದರೆ ಅದು ವೆರಿಕೋಸ್ ಹುಣ್ಣು. ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು, ಟ್ರಾಫಿಕ್ ಪೊಲೀಸರು, ಕಂಡಕ್ಟರುಗಳಲ್ಲಿ ಕಾಣುತ್ತೇವೆ. ಅಲ್ಲಿ ಬಿಗಿ ಪಟ್ಟಿ ಸುತ್ತುವುದೇ ಚಿಕಿತ್ಸೆ, ಜೊತೆಗೆ ನಾಳದ ರಿಪೇರಿ. ಅಂಥ ಹುಣ್ಣಿಗೆ ಹಿಡಿದ ಲೇಸರ್ ಬೆಳಕಿನ ಅಧ್ಯಯನಗಳನ್ನು ವೈದ್ಯಕೀಯ ಪುರಾವೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯವರು 1999ರಲ್ಲೇ ಒಟ್ಟುಗೂಡಿಸಿ ನೋಡಿ ಲಾಭದ ಪುರಾವೆ ಕಾಣಲಿಲ್ಲ ಎಂದರು. ಅಂಗಾಲಿನ ಹುಣ್ಣಿಗಿಂತ ಇಲ್ಲಿ ಲೇಸರ್ ಪರ ವಾದ ಇನ್ನೂ ತೆಳು. ಹಾಸಿಗೆ ಹಿಡಿದವರ ಬೆನ್ನಹುಣ್ಣಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದೆ ಯಾವ ಯಂತ್ರ ತಂದರೂ ದಂಡ.

ಲೇಸರ್ ಪರವಾಗಿ ಗಟ್ಟಿಯಾಗಿ ಮಾತಾಡಬಹುದಾದ ಜಾಗವೊಂದಿದೆ, ಅದು ಪಾದವಲ್ಲ, ಬಾಯಿ. ಕ್ಯಾನ್ಸರಿಗೆ ವಿಕಿರಣ, ಕಿಮೋ ಪಡೆಯುವವರ ಬಾಯಿಯ ಒಳಚರ್ಮ ಕಿತ್ತು ಹುಣ್ಣಾಗುತ್ತದೆ, ಗಂಜಿ ನುಂಗಲೂ ಆಗುವುದಿಲ್ಲ. ಆ ಹುಣ್ಣು ಬಾರದಂತೆ ತಡೆಯಲು ಈ ಬೆಳಕನ್ನು ಅಂತರರಾಷ್ಟ್ರೀಯ ತಜ್ಞ ಸಂಘಗಳು ಶಿಫಾರಸು ಮಾಡಿವೆ, ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯ ಸಂಸ್ಥೆ ನೈಸ್ 2018ರಲ್ಲಿ ಮಾರ್ಗದರ್ಶನ ಕೊಟ್ಟಿದೆ. ಮಣಿಪಾಲದಲ್ಲೂ 2006ರ ಹೊತ್ತಿಗೇ ಇದರ ಮೇಲೆ ಕೆಲಸವಾಗಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ತಲೆ-ಕತ್ತಿನ ವಿಕಿರಣಕ್ಕೆ ಹೊರಟಿದ್ದರೆ, ಹುಣ್ಣು ಬಂದ ಮೇಲಲ್ಲ, ಮೊದಲ ದಿನಕ್ಕೆ ಮುಂಚೆಯೇ ಕೇಳಿ.

ಸರಿ, ಲೇಸರ್ ಹಿಡಿಸುವುದೆಂದೇ ಆದರೆ

ನಾನು ಹೂಂ ಎನ್ನುವುದು ಯಾವಾಗ ಎಂದು ಹೇಳುತ್ತೇನೆ. ಪಾದದ ರಕ್ತಸಂಚಾರ ಪರೀಕ್ಷೆಯಾಗಿರಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ಬರುವ ಸಂಖ್ಯೆ 0.9ಕ್ಕಿಂತ ಕೆಳಗಿದ್ದರೆ ರಕ್ತನಾಳದ ಸರ್ಜನ್ ಬಳಿಗೆ. ಮಧುಮೇಹಿಗಳಲ್ಲಿ 1.3 ದಾಟಿದರೂ ಖುಷಿಪಡುವಂತಿಲ್ಲ, ನಾಳ ಗಟ್ಟಿಯಾಗಿ ಸುಳ್ಳು ಲೆಕ್ಕ ಕೊಡುತ್ತಿರುತ್ತದೆ. ಕಡ್ಡಿ ಹಾಕಿದರೆ ಮೂಳೆ ತಾಗಬಾರದು. ಸುತ್ತಲ ದಪ್ಪ ಚರ್ಮ ಕತ್ತರಿಸಿ ತೆಗೆದಿರಬೇಕು. ಭಾರ ಇಳಿಸಿ, ಸರಿಯಾಗಿ ಡ್ರೆಸಿಂಗ್ ಮಾಡಿ 4 ವಾರ ಕಳೆದರೂ ಹುಣ್ಣು ಅರ್ಧಕ್ಕಿಳಿಯದೆ ತಳ ಸ್ವಚ್ಛವಾಗಿ ಕೆಂಪಾಗಿ ಸುಮ್ಮನೆ ಕೂತಿರಬೇಕು. ಪಟ್ಟಿ ಹಾಕಿಸಿಕೊಳ್ಳಬಾರದವರು, ಚರ್ಮ ಕಸಿಗೆ ಮೈ ಒಪ್ಪದ ವಯಸ್ಸಾದವರು, ಮನೆ ಆಸ್ಪತ್ರೆಯ ಪಕ್ಕದಲ್ಲೇ ಇರುವವರು: ಇವರಿಗೆ ಲೇಸರ್ ಒಂದು ಒಳ್ಳೆಯ ಕೈಜೋಡಣೆ. ನೋವಿಲ್ಲ, ಸರಿಯಾಗಿ ಹಿಡಿದರೆ ಕೆಡುಕೂ ಕಡಿಮೆ. ಕ್ಯಾನ್ಸರಿನ ಅನುಮಾನವಿರುವ ಗಾಯದ ಮೇಲೆ ಹಿಡಿಯಬಾರದು. ವರ್ಷಗಟ್ಟಲೆ ಮಾಯದೆ ಅಂಚು ಹೂಕೋಸಿನಂತೆ ಉಬ್ಬಿದ್ದರೆ ಮೊದಲು ತುಣುಕು ತೆಗೆದು ಪರೀಕ್ಷೆ ಆಗಲಿ. ಗರ್ಭಿಣಿಯ ಹೊಟ್ಟೆಯ ಮೇಲೆ, ಕಣ್ಣಿನತ್ತ ಹಿಡಿಯುವುದಿಲ್ಲ, ಬಿಸಿಲಿಗೆ ಚರ್ಮ ಉರಿಸುವ ಮಾತ್ರೆ ನುಂಗುತ್ತಿರುವವರೂ ಮೊದಲೇ ಹೇಳಬೇಕು.

ಆಮೇಲೆ ಈ ಲೆಕ್ಕವನ್ನು ನೀವೇ ಹಾಕಿ. ಹುಣ್ಣು 5 ಚದರ ಸೆಂಟಿಮೀಟರ್ ಇದೆ. ಚದರ ಸೆಂಟಿಮೀಟರಿಗೆ 4 ಜೂಲ್ ಎಂದರೆ ಒಟ್ಟು 20 ಜೂಲ್. ಯಂತ್ರದ ಶಕ್ತಿ 100 ಮಿಲಿವ್ಯಾಟ್, ಅಂದರೆ ಸೆಕೆಂಡಿಗೆ 0.1 ಜೂಲ್. 20 ಜೂಲ್ ಬೀಳಲು 200 ಸೆಕೆಂಡ್, ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಅರ್ಧ ನಿಮಿಷ ಆಡಿಸಿ ‘ಆಯ್ತು, ನಾಳೆ ಬನ್ನಿ’ ಎಂದರೆ ನಿಮಗೆ ಸಿಕ್ಕಿದ್ದು 3 ಜೂಲ್, ಬೇಕಾದ್ದರ ಆರರಲ್ಲೊಂದು ಪಾಲೂ ಅಲ್ಲ. ಇನ್ನೂ ದೊಡ್ಡ ಹುಣ್ಣಾದರೆ ಸಮಯ ಅದಕ್ಕೆ ತಕ್ಕಂತೆ ಬೆಳೆಯಬೇಕು. ಎಲ್ಲರಿಗೂ ಒಂದೇ ಟೈಮರ್ ಇಡುವಲ್ಲಿ ಯಾರೂ ಹುಣ್ಣು ಅಳೆದಿಲ್ಲ ಎಂದೇ ಅರ್ಥ. “ಎಷ್ಟು ನ್ಯಾನೋಮೀಟರ್, ಎಷ್ಟು ಮಿಲಿವ್ಯಾಟ್, ಎಷ್ಟು ಜೂಲ್?” ಎಂದು ಕೇಳಿ. ಉತ್ತರ ಫೈಲಿನಲ್ಲಿ ಬರೆದಿರಬೇಕು. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಮುಂಗಡ ಕಟ್ಟಿಸಿಕೊಳ್ಳುವವರಿಗಿಂತ ವಾರಕ್ಕೊಮ್ಮೆ ಹುಣ್ಣಿನ ಅಂಚಿನ ಗೆರೆ ಎಳೆದು ಅಳೆಯುವವರನ್ನು ನಂಬಿ. ಲೇಸರಿನ ತುದಿಗೆ ಪ್ರತಿ ರೋಗಿಗೂ ಹೊಸ ಪಾರದರ್ಶಕ ಹಾಳೆ ಸುತ್ತುತ್ತಾರೆಯೇ ಎಂದೂ ನೋಡಿ. ಒಬ್ಬರ ಕೀವು ಇನ್ನೊಬ್ಬರಿಗೆ ದಾಟುವುದು ಅಲ್ಲೇ.

ಯಜಮಾನರ ಕಾಲಿಗೆ ನಾವು ಮಾಡಿದ್ದು ಇಷ್ಟು. ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿದೆವು, ಹರಿವು ಚೆನ್ನಾಗಿತ್ತು. ಸರ್ಜನ್ ದಪ್ಪ ಚರ್ಮ ಹೆರೆದು ತೆಗೆದರು. ತೆಗೆದ ಮೇಲೆ ಹುಣ್ಣು ಮೊದಲಿಗಿಂತ ದೊಡ್ಡದಾಗಿ ಕಂಡು ಮಗ ಗಾಬರಿಯಾದ. ಎಲ್ಲರೂ ಆಗುತ್ತಾರೆ, ಕಟ್ಟೆಯಡಿ ಅಡಗಿದ್ದದ್ದು ಹೊರಗೆ ಬಂದಿತ್ತು ಅಷ್ಟೆ. ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಮಾರ್ಕರಿನಿಂದ ಅಂಚು ಬರೆದು ಅರ್ಧ ಸೆಂಟಿಮೀಟರ್ ಚೌಕಗಳ ಮೇಲಿಟ್ಟು ಎಣಿಸಿದೆ: 20 ಚೌಕ. ಸಿಮೆಂಟ್ ಪಟ್ಟಿ ಹಾಕಿದರು. ಪ್ರತಿ ಸೋಮವಾರ ಬಿಚ್ಚಿ, ಎಣಿಸಿ, ಮತ್ತೆ ಹಾಕುವುದು. ನಾಲ್ಕನೇ ಸೋಮವಾರ 8 ಚೌಕ. “ಇನ್ನು ಲೈಟ್ ಹಿಡೀತೀರಾ?” ಎಂದು ಅವರು ಕೇಳಿದರು, ದುಡ್ಡು ಹೊಂದಿಸಿದ್ದಾನಲ್ಲ ಮಗ. ಎರಡು ಸೋಮವಾರ ಈ 8 ಅಲುಗದಿದ್ದರೆ ಹಿಡಿಯೋಣ ಎಂದೆ. ಅದು ಅಲುಗಿತು. ಹನ್ನೊಂದನೇ ವಾರ ಎಣಿಸಲು ಚೌಕ ಉಳಿದಿರಲಿಲ್ಲ.

ಹೊಂದಿಸಿದ ದುಡ್ಡಿನಲ್ಲಿ ಎರಡು ಜೊತೆ ಎಂಸಿಆರ್ ಚಪ್ಪಲಿ ಮಾಡಿಸಿಕೊಟ್ಟ ಮಗ: ಒಂದು ಹೊರಗೆ, ಒಂದು ಮನೆಯೊಳಗೆ. ಮನೆಯೊಳಗಿನದಕ್ಕೆ ಅವರ ಮನೆಯ ಅಜ್ಜಿ ಮೊದಲು ಒಪ್ಪಲಿಲ್ಲವಂತೆ, ಆಮೇಲೆ ಅಡುಗೆಮನೆ, ದೇವರಕೋಣೆ ಬಿಟ್ಟು ಉಳಿದ ಕಡೆ ಆಗಲಿ ಎಂದರಂತೆ. ಹೊರಡುವಾಗ ಯಜಮಾನರು ಬಾಗಿಲಲ್ಲಿ ನಿಂತರು.

“ದೇವಸ್ಥಾನಕ್ಕೆ ಹೋದ್ರೆ, ಮೇಡಂ? ಅಲ್ಲಿ ಬಿಡಲೇಬೇಕಲ್ಲ.”

“ಬೆಳಗ್ಗೆ ಹೋಗಿ, ಕಲ್ಲು ಕಾಯೋ ಮುಂಚೆ. ದಪ್ಪ ಕಾಲುಚೀಲ ಹಾಕ್ಕೊಂಡು.”

“ಒಂದೇ ಸುತ್ತು,” ಎಂದರು ಅಜ್ಜಿ ಹಿಂದಿನಿಂದ.